‘ವೊಲಾರೆ’ ಹಾಡಲ್ಲಿ ನಮಗೆಲ್ಲ ಗೊತ್ತಿರೋದು ಬರೀ "ಓ ಓ" ತಾನೆ?

ಬಾರಿ ಬಸ್ಸು
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಒಂದೂವರೆ ವರ್ಷದಿಂದ ಇಟಲಿಯ ಬಾರಿ ಊರಲ್ಲಿದ್ದೇನೆ. ದಕ್ಷಿಣದಲ್ಲಿ, ಬೂಟಿನ ಆಕಾರದ ಈ ದೇಶದ ಹಿಮ್ಮಡಿ ಹತ್ತಿರ. ಹೋದ ವಾರ ನಮ್ಮ ಕೆಳಗಿನ ಮನೆಯ ಅಜ್ಜಿಗೆ 80 ತುಂಬಿತು, ನನ್ನನ್ನೂ ಊಟಕ್ಕೆ ಕರೆದಿದ್ದರು. ನಾಲ್ಕು ಗಂಟೆ ಊಟ. ಕಾಫಿ ಬರುವ ಹೊತ್ತಿಗೆ ಯಾರೋ ಒಬ್ಬರು ಗಿಟಾರ್ ತೆಗೆದರು. ಅಜ್ಜಿಯ ಮೊಮ್ಮಗಳಿಗೆ ಹದಿನಾರು ಇರಬಹುದು, ಅಲ್ಲಿಯವರೆಗೂ ಫೋನಿಂದ ತಲೆ ಎತ್ತಿರಲಿಲ್ಲ. ‘ವೊಲಾರೆ’ ಶುರುವಾಯ್ತು ನೋಡಿ, ಫೋನ್ ಮೇಜಿನ ಮೇಲೆ ಬೋರಲಾಗಿ ಬಿತ್ತು. "ಓ ಓ" ಅಂತ ಎಲ್ಲರಿಗಿಂತ ಜೋರಾಗಿ ಕೂಗಿದ್ದು ಅವಳೇ.

ಆದರೆ ನನಗೆ ತಮಾಷೆ ಅನಿಸಿದ್ದು ಬೇರೆ. ಪಲ್ಲವಿ ಮುಗಿದು ಚರಣ ಬಂದಾಗ ಒಂದೊಂದೇ ದನಿ ಜಾರಿಕೊಂಡವು. ಮೊದಲು ಮಕ್ಕಳು, ಆಮೇಲೆ ಮಕ್ಕಳ ಅಪ್ಪಂದಿರು. ಕೊನೆಗೆ ಅಜ್ಜಿ ಮತ್ತು ಅಜ್ಜಿಯ ತಂಗಿ ಇಬ್ಬರೇ ಒಂದಕ್ಷರ ಬಿಡದೆ ಹಾಡುತ್ತಿದ್ದರು, ಉಳಿದವರು ಗ್ಲಾಸು ಹಿಡಿದು ಕಾಯುತ್ತಿದ್ದರು. ಪಲ್ಲವಿ ಮತ್ತೆ ಬಂತು, ಮತ್ತೆ ಎಲ್ಲರೂ ಹಾಜರ್.

1958ರ ಹಾಡು ಇದು. ಅಜ್ಜಿ ಆಗ ಶಾಲೆಗೆ ಹೋಗುತ್ತಿದ್ದ ಹುಡುಗಿ. ಇಷ್ಟು ವರ್ಷ ಉಳಿದಿರೋದು ಹಾಡಾ, ಇಲ್ಲಾ ಬರೀ ಆ "ಓ ಓ" ನಾ? ನಿಮಗೆ ಏನನಿಸುತ್ತದೆ?

ಮಿರ್ಚಿ ಮಂಡಕ್ಕಿ
ಬರೀ ಓ ಓ. ಕೇಸ್ ಕ್ಲೋಸ್. ನನಗೆ ಆ ಹಾಡಿನ ಒಟ್ಟು ಎರಡು ಪದ ಗೊತ್ತು, ಒಂದು ವೊಲಾರೆ, ಇನ್ನೊಂದು ಕಾಂತಾರೆ. ಎರಡನೇದು ‘ಕಾಂತಾ ರೇ’ ಅಂತ ಯಾವುದೋ ಹೆಂಡತಿಯನ್ನು ಕರೆಯೋದು ಅಂದುಕೊಂಡಿದ್ದೆ ಬಹಳ ವರ್ಷ.

ಹಳೇ ಟೇಪು
ಮಂಡಕ್ಕಿ 😄 ಅದು ‘ಹಾಡುವುದು’. ವೊಲಾರೆ ಅಂದರೆ ‘ಹಾರುವುದು’.

ಬಾರಿ ಬಸ್ಸು ಅವರೇ, ಒಳ್ಳೇ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ. ಮೊದಲು ಒಂದು ವಿಷಯ, ಈ ಹಾಡಿನ ನಿಜವಾದ ಹೆಸರು ವೊಲಾರೆ ಅಲ್ಲವೇ ಅಲ್ಲ. ‘ನೆಲ್ ಬ್ಲು, ದಿಪಿಂತೊ ದಿ ಬ್ಲು’. ಅಂದರೆ ‘ನೀಲಿ ಬಳಿದ ನೀಲಿಯೊಳಗೆ’ ಅಂತ ಹೇಳಬಹುದು. ಹಾಡಿದವರು ದೊಮೆನಿಕೊ ಮೊದುನ್ಯೊ, ಸಂಗೀತವೂ ಅವರದ್ದೇ. ಸಾಹಿತ್ಯ ಅವರು ಮತ್ತು ಫ್ರಾಂಕೊ ಮಿಲ್ಯಾಚ್ಚಿ ಸೇರಿ ಬರೆದದ್ದು. ಜನ ಬಾಯಲ್ಲಿ ವೊಲಾರೆ ವೊಲಾರೆ ಅಂತಲೇ ಕರೆದು ಕರೆದು ಹೆಸರೇ ಬದಲಾಯ್ತು. ಅಂದರೆ ನಿಮ್ಮ ಪ್ರಶ್ನೆಗೆ ಜನ ಆಗಲೇ ಉತ್ತರ ಕೊಟ್ಟುಬಿಟ್ಟಿದ್ದಾರೆ, ಹಾಡಿನ ಹೆಸರನ್ನೇ ಪಲ್ಲವಿ ನುಂಗಿತು.

ಆದರೂ ನಾನು ಒಪ್ಪೋದಿಲ್ಲ. ಯಾಕೆ ಅಂದರೆ 1958ರ ಫೆಬ್ರವರಿ 1ರಂದು ಸಾನ್‌ರೆಮೊ ಹಾಡಿನ ಉತ್ಸವದಲ್ಲಿ ಇದು ಗೆದ್ದಾಗ ಜನ ಬೆರಗಾಗಿದ್ದು ಓ ಓ ಒಂದಕ್ಕೇ ಅಲ್ಲ. ಆ ಉತ್ಸವ 1951ರಲ್ಲಿ ಶುರುವಾಗಿತ್ತು, ಅಲ್ಲಿಯವರೆಗೆ ಅಲ್ಲಿ ಗೆಲ್ಲುತ್ತಿದ್ದ ಹಾಡುಗಳು ಹೂವು, ಪಾರಿವಾಳ, ತಾಯಿ, ಕಣ್ಣೀರು. ಗಾಯಕರು ಮೈಕ್ ಮುಂದೆ ನೆಟ್ಟಗೆ ನಿಂತು, ಜಾಸ್ತಿ ಅಂದರೆ ಎದೆ ಮೇಲೆ ಒಂದು ಕೈ ಇಟ್ಟುಕೊಂಡು ಹಾಡುತ್ತಿದ್ದರು. ಈ ಮನುಷ್ಯ ಬಂದ, ಪಲ್ಲವಿ ಬರುತ್ತಿದ್ದ ಹಾಗೆ ಎರಡೂ ಕೈ ಅಗಲವಾಗಿ ಚಾಚಿಬಿಟ್ಟ. ಅಷ್ಟೇ. ಈಗ ನೋಡಿದರೆ ಅದರಲ್ಲೇನಿದೆ ಅನಿಸುತ್ತದೆ. ಆಗ ಅದು ದೊಡ್ಡ ಸುದ್ದಿ.

ಇನ್ನೊಂದು ವಿಷಯ, ಆಗ ಅಲ್ಲಿ ಒಂದೇ ಹಾಡನ್ನು ಇಬ್ಬರು ಬೇರೆ ಬೇರೆ ಹಾಡಬೇಕಿತ್ತು. ಇದನ್ನು ಜಾನಿ ದೊರೆಲ್ಲಿ ಅನ್ನುವ ಯುವಕ ಕೂಡ ಹಾಡಿದರು. ಗೆಲುವು ಇಬ್ಬರ ಹೆಸರಲ್ಲೂ ಇದೆ. ಆದರೆ ನೆನಪಲ್ಲಿ ಉಳಿದದ್ದು ಕೈ ಚಾಚಿದವನು.

ಆಫ್‌ಸೈಡ್
ಯುರೋಪಿನ ದೇಶಗಳ ಹಾಡಿನ ಸ್ಪರ್ಧೆ ಯೂರೊವಿಷನ್ ಕೂಡ ಗೆದ್ದಿತ್ತು ಅಲ್ವಾ ಅದೇ ವರ್ಷ?

ಹಳೇ ಟೇಪು
ಇಲ್ಲ! ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ಮೂರನೇ ಸ್ಥಾನ. ನೆದರ್‌ಲ್ಯಾಂಡ್ಸ್‌ನ ಹಿಲ್ವರ್ಸಮ್‌ನಲ್ಲಿ 1958ರ ಮಾರ್ಚ್ 12ಕ್ಕೆ ನಡೆದದ್ದು, ಹತ್ತು ದೇಶ. ಫ್ರಾನ್ಸ್‌ನ ಆಂದ್ರೆ ಕ್ಲಾವೊ 27 ಅಂಕ ತಗೊಂಡು ಗೆದ್ದರು, ಸ್ವಿಟ್ಜರ್‌ಲ್ಯಾಂಡಿಗೆ 24, ಇಟಲಿಗೆ ಬರೀ 13. ಮಜಾ ಏನು ಅಂದರೆ ಮೊದುನ್ಯೊ ಮೊದಲನೆಯವರಾಗಿ ಹಾಡಿದರು, ಪ್ರಸಾರದ ಏನೋ ತೊಂದರೆಯಿಂದ ಕೆಲವು ದೇಶಗಳಿಗೆ ಅದು ಸರಿಯಾಗಿ ತಲುಪಲಿಲ್ಲ. ಹಾಗಾಗಿ ಕೊನೆಗೆ, ಅಂಕ ಹಾಕುವ ಮೊದಲು, ಮತ್ತೊಮ್ಮೆ ಹಾಡಿಸಿದರು. ಎರಡು ಸಲ ಕೇಳಿಯೂ 13!

ಅದೇ ಯೂರೊವಿಷನ್‌ಗೆ 50 ತುಂಬಿದಾಗ, 2005ರಲ್ಲಿ, ಕೋಪನ್‌ಹೇಗನ್‌ನಲ್ಲಿ ಸಾರ್ವಕಾಲಿಕ ಅತ್ಯುತ್ತಮ ಹಾಡು ಯಾವುದು ಅಂತ ಮತ ಹಾಕಿಸಿದರು. ಅಬ್ಬಾ ತಂಡದ ಹಾಡು ಮೊದಲು, ಇದು ಎರಡನೇದು. 1958ರಲ್ಲಿ ಗೆದ್ದ ಫ್ರೆಂಚ್ ಹಾಡು ನಿಮ್ಮಲ್ಲಿ ಯಾರಿಗಾದರೂ ಗೊತ್ತಾ? ನನಗೆ ಹೆಸರು ಗೊತ್ತು, ರಾಗ ಕೇಳಿದರೆ ತಲೆ ಕೆರೆದುಕೊಳ್ಳುತ್ತೇನೆ.

ತಾಳ ತಪ್ಪಿದವ
ನಾನು ಸ್ವಲ್ಪ ಸಂಗೀತದ ಕಡೆಯಿಂದ ಮೂಗು ತೂರಿಸುತ್ತೇನೆ. ಪೂರ್ತಿ ಹಾಡನ್ನು ಮೊದುನ್ಯೊ ಧ್ವನಿಯಲ್ಲೇ ಕೇಳಿ. ಶುರುವಿಗೆ ತಾಳ ಇಲ್ಲ. ‘ಇಂಥ ಕನಸು ಮತ್ತೆ ಬರಲಿಕ್ಕಿಲ್ಲ ಅನಿಸುತ್ತದೆ’ ಅಂತ ಸುಮ್ಮನೆ ಮಾತಾಡುವ ಹಾಗೆ, ಎಳೆದು, ನಿಲ್ಲಿಸಿ ಹೇಳುತ್ತಾನೆ. ನಮ್ಮಲ್ಲಿ ಕೀರ್ತನೆಗೆ ಮೊದಲು ಉಗಾಭೋಗ ಹಾಡುತ್ತಾರಲ್ಲ, ಥೇಟ್ ಅದೇ ಕೆಲಸ. ಕೇಳುವವರನ್ನು ಹತ್ತಿರ ಕರೆದು ಕೂರಿಸೋದು. ಆಮೇಲೆ ತಾಳ ಹಿಡಿಯುತ್ತದೆ. ಮಾತು ಬೇಗ ಬೇಗ ಬರುತ್ತದೆ, ಗಾಳಿ ಎತ್ತಿಕೊಂಡು ಹೋಯಿತು, ಆಕಾಶದಲ್ಲಿ ಹಾರಿದೆ ಅಂತ. ಅಷ್ಟಾದ ಮೇಲೆ ಪಲ್ಲವಿ.

ಈಗ ಪಲ್ಲವಿ ನೋಡಿ. ಉದ್ದವಾಗಿ ಎಳೆಯುವ ಮೂರು ಅಕ್ಷರ, ವೊ-ಲಾ-ರೆ. ಆಮೇಲೆ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಓ ಓ. ಅದು ಗಾಯಕನ ಜಾಗ ಅಲ್ಲ, ನಮ್ಮದು! ಭಜನೆಯಲ್ಲಿ ಮುಂದಾಳು ಒಂದು ಸಾಲು ಹೇಳಿ ಬಿಡುತ್ತಾನೆ, ಉಳಿದವರು ಎತ್ತಿಕೊಳ್ಳುತ್ತಾರೆ. ಭಾಷೆ ಬರಬೇಕಾಗಿಲ್ಲ, ಸ್ವರಜ್ಞಾನ ಬೇಡ, ಕುಡಿದಿದ್ದರೂ ನಡೆಯುತ್ತದೆ. ಎರಡನೇ ಸಲ ‘ಕಾಂತಾರೆ’ ಆದಮೇಲೆ ಓ ಓ ಓ ಓ, ಡಬಲ್. ಮೊದಲ ಸಲ ಸಂಕೋಚ ಪಟ್ಟವನಿಗೆ ಎರಡನೇ ಅವಕಾಶ.

ಹಾಗಾಗಿ ಮಂಡಕ್ಕಿ ಹೇಳಿದ್ದು ಅರ್ಧ ಸರಿ. ಆದರೆ ಶುರುವಿನ ಆ ಗುನುಗು ಇಲ್ಲದೆ ನೇರ ಓ ಓ ಹಾಡಿದರೆ ಅದು ಮೆರವಣಿಗೆ ಘೋಷಣೆ ಅಷ್ಟೇ.

ಆಫ್‌ಸೈಡ್
ಘೋಷಣೆ ಅಂದಿರಲ್ಲ, ನನಗೆ ಈ ರಾಗ ಗೊತ್ತಾಗಿದ್ದೇ ಹಾಗೆ. ಫುಟ್‌ಬಾಲ್‌ನಿಂದ. ಇಂಗ್ಲೆಂಡಿನ ಆರ್ಸೆನಲ್ ಕ್ಲಬ್‌ನಲ್ಲಿ ಪ್ಯಾಟ್ರಿಕ್ ವಿಯೆರಾ ಆಡುತ್ತಿದ್ದಾಗ ಅಭಿಮಾನಿಗಳು "ವಿಯೆರಾ, ಓ ಓ" ಅಂತ ಇದೇ ರಾಗದಲ್ಲಿ ಕೂಗುತ್ತಿದ್ದರು. ವೊ-ಲಾ-ರೆ, ವಿ-ಯೆ-ರಾ. ಮೂರಕ್ಕೆ ಮೂರು ಕೂತಿತು. ಕಾಲೇಜಲ್ಲಿ ರಾತ್ರಿ ಮ್ಯಾಚ್ ನೋಡುವಾಗ ನಾವೂ ಕೂಗುತ್ತಿದ್ದೆವು, ಇಟಲಿ ಹಾಡು ಅಂತ ಯಾರಿಗೆ ಗೊತ್ತಿತ್ತು. ಎಷ್ಟೋ ವರ್ಷ ಆದಮೇಲೆ ಒಂದು ಮದುವೆ ಪಾರ್ಟಿಯಲ್ಲಿ ಮೂಲ ಹಾಡು ಕೇಳಿ "ಅರೆ, ವಿಯೆರಾ ಹಾಡು!" ಅಂದೆ. ಪಕ್ಕದಲ್ಲಿದ್ದವರು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ.

ಸುಮ್ನೆ ಓದೋಳು
ಸಾಮಾನ್ಯವಾಗಿ ಓದಿ ಸುಮ್ಮನಿರುತ್ತೇನೆ, ಇವತ್ತು ತಡೆಯೋಕೆ ಆಗಲಿಲ್ಲ. ನನಗೆ ಗೊತ್ತಿರೋದು ಜಿಪ್ಸಿ ಕಿಂಗ್ಸ್ ಹಾಡಿದ್ದು. ಚಪ್ಪಾಳೆ, ಗಿಟಾರ್, ಕುಣಿಯಬೇಕು ಅನಿಸುವ ಹಾಗಿರೋದು. ಮೂಲ ಹಾಡು ಆಮೇಲೆ ಕೇಳಿದೆ, ಇಷ್ಟು ನಿಧಾನ ಇದೆಯಾ ಅಂತ ಬೇಜಾರಾಯ್ತು, ನಿಜ ಹೇಳಬೇಕಂದ್ರೆ.

ಹಳೇ ಟೇಪು
ಬೇಜಾರು ಮಾಡ್ಕೋಬೇಡಿ, ನಿಮ್ಮ ವಯಸ್ಸಿನ ಅರ್ಧ ಜಗತ್ತಿಗೆ ಅದೇ ಮೂಲ. ಜಿಪ್ಸಿ ಕಿಂಗ್ಸ್ ದಕ್ಷಿಣ ಫ್ರಾನ್ಸಿನವರು, 1989ರಲ್ಲಿ ಮಾಡಿದ್ದು. ಇಟಾಲಿಯನ್ ಜೊತೆ ಸ್ಪ್ಯಾನಿಷ್ ಬೆರೆಸಿ, ರುಂಬಾ ತಾಳಕ್ಕೆ ಕೂರಿಸಿದರು. 31 ವರ್ಷದ ಹಳೇ ಹಾಡನ್ನು ಹೊಸಬರ ಕೈಗೆ ಕೊಟ್ಟಿದ್ದು ಅವರೇ, ಆ ಪುಣ್ಯ ಅವರಿಗೆ ಸಲ್ಲಬೇಕು.

ನನ್ನ ಸಿಟ್ಟು ಇರೋದು ಡೀನ್ ಮಾರ್ಟಿನ್ ಹಾಡಿದ ಇಂಗ್ಲಿಷ್ ಸಾಹಿತ್ಯದ ಮೇಲೆ. ಗಾಯಕನ ಮೇಲಲ್ಲ, ಅವರ ಗಂಟಲು ಬೆಣ್ಣೆ. ಅವರೂ ಇಟಲಿ ಮೂಲದವರೇ, ಹುಟ್ಟಿದ ಹೆಸರು ದೀನೊ ಕ್ರೊಚೆಟ್ಟಿ, ಅಪ್ಪ ಇಟಲಿಯಿಂದ ಓಹಾಯೊಗೆ ಬಂದು ಕ್ಷೌರಿಕರಾಗಿದ್ದವರು. ಇಂಗ್ಲಿಷ್ ಸಾಲು ಬರೆದದ್ದು ಮಿಚೆಲ್ ಪ್ಯಾರಿಶ್. ಮೂಲದಲ್ಲಿ ಇರುವ ವಿಚಿತ್ರವನ್ನೆಲ್ಲ ತೆಗೆದು, ನಿನ್ನ ಪ್ರೀತಿ ನನಗೆ ರೆಕ್ಕೆ ಕೊಟ್ಟಿತು ಅನ್ನುವ ಮಾಮೂಲಿ ಪ್ರೇಮಗೀತೆ ಮಾಡಿಬಿಟ್ಟರು. ಮೂಲದಲ್ಲಿ ರೆಕ್ಕೆ ಎಲ್ಲಿದೆ ಸ್ವಾಮಿ? ಅವನು ಕೈಗೂ ಮುಖಕ್ಕೂ ನೀಲಿ ಬಣ್ಣ ಬಳಿದುಕೊಂಡು ಹಾರುತ್ತಾನೆ!

ಮಿರ್ಚಿ ಮಂಡಕ್ಕಿ
ಏನು? ಮುಖಕ್ಕೆ ನೀಲಿ ಬಣ್ಣನಾ? ಹೋಳಿ ಹಾಡಾ ಇದು?

ಚುಕ್ಕಿ ಗೆರೆ
ಹೋಳಿ ಅಲ್ಲ, ಚಿತ್ರಕಾರ ಷಗಾಲ್! ಇದು ನನ್ನ ವಿಷಯ, ಜಾಗ ಬಿಡಿ.

ಮಿಲ್ಯಾಚ್ಚಿ ಹೇಳಿಕೊಂಡ ಕಥೆ ಹೀಗಿದೆ. 1957ರ ಬೇಸಿಗೆ, ರೋಮ್. ಅವರೂ ಮೊದುನ್ಯೊ ಕೂಡ ಆಗಿನ್ನೂ ಸಿನಿಮಾದಲ್ಲಿ ನಟನೆ ಹುಡುಕುತ್ತಿದ್ದವರು. ಇಬ್ಬರೂ ಸಮುದ್ರಕ್ಕೆ ಹೋಗೋಣ ಅಂತ ಮಾತಾಗಿತ್ತು. ಮೊದುನ್ಯೊ ಬರಲೇ ಇಲ್ಲ. ಕಾದು ಕಾದು ಬೇಸತ್ತು ಮಿಲ್ಯಾಚ್ಚಿ ಮನೆಯಲ್ಲಿ ಒಬ್ಬರೇ ವೈನ್ ಕುಡಿಯುತ್ತಾ ಕೂತರು. ಗೋಡೆ ಮೇಲೆ ಮಾರ್ಕ್ ಷಗಾಲ್‌ನ ಎರಡು ಚಿತ್ರಗಳ ಪ್ರತಿ ಇದ್ದವು. ಒಂದರಲ್ಲಿ ಕೆಂಪು ಹುಂಜ, ಗಾಳಿಯಲ್ಲಿ ತೇಲುವ ಮನುಷ್ಯ. ಇನ್ನೊಂದರಲ್ಲಿ ಒಬ್ಬ ಚಿತ್ರಕಾರ, ಅವನ ಮುಖದ ಅರ್ಧ ಭಾಗ ನೀಲಿ. ಅದನ್ನೇ ನೋಡುತ್ತಾ ನೋಡುತ್ತಾ ನಿದ್ದೆ ಹತ್ತಿತು, ಎದ್ದಾಗ ಸಾಲು ಗೀಚಿದರು. ಆಮೇಲೆ ಮೊದುನ್ಯೊ ಜೊತೆ ಸೇರಿ ತಿದ್ದಿ ತಿದ್ದಿ ಹಾಡಾಯಿತು. ‘ವೊಲಾರೆ’ ಅನ್ನುವ ಕೂಗು ಹೇಗೆ ಹುಟ್ಟಿತು ಅನ್ನುವುದಕ್ಕೆ ಬೇರೆ ಬೇರೆಯವರು ಬೇರೆ ಬೇರೆ ಕಥೆ ಹೇಳುತ್ತಾರೆ, ಯಶಸ್ಸಿಗೆ ಅಪ್ಪಂದಿರು ಜಾಸ್ತಿ ತಾನೆ.

ಷಗಾಲ್ ಚಿತ್ರ ನೋಡಿದವರಿಗೆ ಈ ಹಾಡು ತಕ್ಷಣ ಅರ್ಥವಾಗುತ್ತದೆ. ಅವನ ಚಿತ್ರದಲ್ಲಿ ಜನ ಊರಿನ ಮೇಲೆ ಆರಾಮಾಗಿ ತೇಲುತ್ತಿರುತ್ತಾರೆ. ಯಾರಿಗೂ ರೆಕ್ಕೆ ಇರೋದಿಲ್ಲ, ಯಾರೂ ಆಶ್ಚರ್ಯ ಪಡೋದಿಲ್ಲ. ಹಾಡಿನವನೂ ಹಾಗೆಯೇ. ಹಾರುವುದಕ್ಕೆ ಮೊದಲು ಬಣ್ಣ ಬಳಿದುಕೊಳ್ಳುತ್ತಾನೆ, ಆಕಾಶದ ಬಣ್ಣವೇ ಆದಮೇಲೆ ಆಕಾಶದೊಳಗೆ ಹೋಗೋಕೆ ಏನು ಕಷ್ಟ. ‘ನೀಲಿ ಬಳಿದ ನೀಲಿಯೊಳಗೆ’ ಅನ್ನುವ ಹೆಸರು ಅದಕ್ಕೇ.

ಇನ್ನೊಂದು ಬಣ್ಣದ ಮಾತು. ಇಟಾಲಿಯನ್ನರಿಗೆ ಆಕಾಶದ ಬಣ್ಣ ‘ಆಜ್ಜುರ್ರೊ’, ಅವರ ಫುಟ್‌ಬಾಲ್ ತಂಡದ ಅಂಗಿಯ ಬಣ್ಣ. ‘ಬ್ಲು’ ಅಂದರೆ ಗಾಢ ನೀಲಿ, ಅದೂ ಫ್ರೆಂಚ್‌ನಿಂದ ಬಂದ ಪದ. ನಮಗೆ ಎರಡೂ ನೀಲಿಯೇ, ಬೇಕಾದರೆ ತಿಳಿ, ಕಡು ಅಂತ ಸೇರಿಸುತ್ತೇವೆ. ಹಗಲಿನ ಆಕಾಶ ಅಂದಿದ್ದರೆ ಆಜ್ಜುರ್ರೊ ಅನ್ನಬೇಕಿತ್ತು. ಇವನು ಹಾರುವುದು ಕನಸಲ್ಲಿ, ಬೆಳಗಾದರೆ ಚಂದ್ರನ ಜೊತೆ ಹೊರಟುಹೋಗುವ ಕನಸಲ್ಲಿ. ಹಾಗಾಗಿ ಬ್ಲು.

ಬಾರಿ ಬಸ್ಸು
ಅಯ್ಯೋ ಚುಕ್ಕಿ ಗೆರೆ, ಬ್ಲು ಬಗ್ಗೆ ನೀವು ಹೇಳಿದ್ದು ಕೇಳಿ ನನ್ನ ಇಟಾಲಿಯನ್ ಮೇಡಂ ಹೇಳಿದ್ದು ನೆನಪಾಯ್ತು. ಬ್ಲು ಆರಿಸಿದ್ದಕ್ಕೆ ಪ್ರಾಸವೂ ಕಾರಣ ಇರಬೇಕು ಅಂತ ಅವರ ವಾದ.

ಇಟಾಲಿಯನ್ ಪದಗಳು ನಮ್ಮ ಕನ್ನಡದ ಹಾಗೆ ಸಾಧಾರಣವಾಗಿ ಸ್ವರದಲ್ಲೇ ಮುಗಿಯುತ್ತವೆ. ನಮ್ಮಜ್ಜ ಬಸ್ ಅನ್ನೋದನ್ನು ಬಸ್ಸು ಮಾಡದೆ ಬಿಡುತ್ತಿರಲಿಲ್ಲ, ಇಲ್ಲಿಯವರಿಗೂ ಅದೇ ಚಾಳಿ, ಕೊನೆಗೊಂದು ಸ್ವರ ಇಲ್ಲದಿದ್ದರೆ ನಾಲಿಗೆಗೆ ಸಮಾಧಾನ ಇಲ್ಲ. ಅದಕ್ಕೇ ಅನಿಸುತ್ತದೆ, ಭಾಷೆ ಬಾರದ ಮೊದಲ ತಿಂಗಳಲ್ಲೂ ನನಗೆ ಇಲ್ಲಿಯ ಹಾಡು ಹಾಡೋಕೆ ಕಷ್ಟ ಆಗಲಿಲ್ಲ. ಆದರೆ ಅವರ ಪದಗಳಲ್ಲಿ ಒತ್ತು ಬೀಳುವುದು ಸಾಮಾನ್ಯವಾಗಿ ಕೊನೆಯ ಅಕ್ಷರಕ್ಕೆ ಮೊದಲು. ವೊ-ಲಾ-ರೆ, ಲಾ ಮೇಲೆ ಒತ್ತು. ಸಾಲು ಗಟ್ಟಿಯಾಗಿ ಮುಗಿಯಬೇಕು ಅಂದರೆ ಕೊನೇ ಅಕ್ಷರಕ್ಕೇ ಒತ್ತಿರುವ ಪದ ಬೇಕು, ಅಂಥವು ಕಡಿಮೆ. ಹಾಡು ಬರೆಯುವವರಿಗೆ ಅದೇ ತಲೆನೋವಂತೆ. ‘ಉ’ದಲ್ಲಿ ಮುಗಿಯುವಂಥವು ಇನ್ನೂ ಕಡಿಮೆ. ಈ ಹಾಡಲ್ಲಿ ಸಾಲು ಸಾಲಾಗಿ ಅವೇ: ಪ್ಯು, ಬ್ಲು, ಸು, ಲಾಸ್ಸು, ಲಾಜ್ಜು. ನಮ್ಮಲ್ಲಾದರೆ ‘ಉ’ ಪ್ರಾಸ ಮಕ್ಕಳಾಟ, ಕಲ್ಲು ಹೊಡೆದರೆ ಹತ್ತು ಪದ ಬೀಳುತ್ತವೆ. ಅಲ್ಲಿ ಅದು ಹುಡುಕಿ ಹುಡುಕಿ ಪೋಣಿಸಿದ್ದು.

ಅದರಲ್ಲಿ ಎರಡು ಪದ ಗಮನಿಸಿ. ಮೊದಲ ಪಲ್ಲವಿಯಲ್ಲಿ ‘ಲಾಸ್ಸು’ ಬರುತ್ತದೆ, ಅಂದರೆ ಅಲ್ಲಿ ಮೇಲೆ. ಅಲ್ಲಿ ಮೇಲಿರೋದು ಎಷ್ಟು ಸುಖ ಅಂತ. ಕೊನೆಯ ಪಲ್ಲವಿಯಲ್ಲಿ ಅದೇ ಜಾಗದಲ್ಲಿ, ಅದೇ ರಾಗಕ್ಕೆ, ‘ಕ್ವಾಜ್ಜು’ ಬರುತ್ತದೆ. ಇಲ್ಲಿ ಕೆಳಗೆ! ಆಕಾಶದ ನೀಲಿ ಹೋಗಿ ಅವಳ ಕಣ್ಣಿನ ನೀಲಿ ಬಂದಿದೆ, ಇಲ್ಲಿ ಕೆಳಗೆ ನಿನ್ನ ಜೊತೆ ಇರೋದೇ ಸುಖ ಅನ್ನುತ್ತಾನೆ. ಹಾರುವುದು ಅಂತ ಜಗತ್ತೆಲ್ಲ ಕೂಗುವ ಹಾಡು ನೆಲಕ್ಕಿಳಿದು ಮುಗಿಯುತ್ತದೆ. ನಾನು ಮೊದಲ ಸಲ ಇದನ್ನು ಗಮನಿಸಿದಾಗ ಬಸ್ಸಲ್ಲಿದ್ದೆ, ನನ್ನ ಸ್ಟಾಪ್ ದಾಟಿಹೋಯಿತು.

ಹಾಗಾಗಿ ನನ್ನ ಪ್ರಶ್ನೆಗೆ ನಾನೇ ಈಗ ಬೇರೆ ಉತ್ತರ ಕೊಡುತ್ತಿದ್ದೇನೆ. ಓ ಓ ಬಾಗಿಲು. ಆ ಬಾಗಿಲಲ್ಲಿ ಯಾರು ಬೇಕಾದರೂ ನುಗ್ಗಬಹುದು. ಆದರೆ ಅಜ್ಜಿ ಮತ್ತು ಅವರ ತಂಗಿ ಎಪ್ಪತ್ತು ವರ್ಷದ ಹತ್ತಿರ ಬಾಯಿಪಾಠ ಇಟ್ಟುಕೊಂಡಿರೋದು ಒಳಗಿನ ಮನೆಯನ್ನು.

ಮಿರ್ಚಿ ಮಂಡಕ್ಕಿ
ಸರಿ ಸರಿ, ಕೇಸ್ ರೀಓಪನ್. ಆದರೂ ಒಂದು ಪ್ರಶ್ನೆ. ‘ವೊಲಾರೆ’ಯನ್ನು ಕನ್ನಡಕ್ಕೆ ಹೇಗೆ ತರುತ್ತೀರಿ? "ಹಾರುವುದು, ಓ ಓ" ಅಂದರೆ ಪಠ್ಯಪುಸ್ತಕ. "ಹಾರು, ಓ ಓ" ಅಂದರೆ ಯಾರಿಗೋ ಬಾವಿಗೆ ಹಾರು ಅಂತ ಹೇಳಿದ ಹಾಗೆ.

ತಾಳ ತಪ್ಪಿದವ
🤣🤣 "ಹಾರೋಣ" ಅಂದರೆ?

ಚುಕ್ಕಿ ಗೆರೆ
"ಹಾರೋಣ" ಅಂದರೆ ಜೊತೆಗೊಬ್ಬರು ಬಂದುಬಿಟ್ಟರು. ವೊಲಾರೆಯಲ್ಲಿ ನಾನು, ನೀನು, ನಾವು, ಯಾರೂ ಇಲ್ಲ. ನಿನ್ನೆ, ನಾಳೆ ಇಲ್ಲ. ಬರೀ ಹಾರಾಟ. ಅದಕ್ಕೇ ಯಾರು ಹಾಡಿದರೂ ಅವರದ್ದೇ ಆಗುತ್ತದೆ. ಹಾಗೇ ಬಿಟ್ಟುಬಿಡೋಣ, ‘ವೊಲಾರೆ’ ಕನ್ನಡದ ಬಾಯಿಗೆ ಚೆನ್ನಾಗೇ ಕೂತಿದೆ.

ಆಫ್‌ಸೈಡ್
ಅಮೆರಿಕದಲ್ಲಿ ಗೆದ್ದಿದ್ದು ಡೀನ್ ಮಾರ್ಟಿನ್ ಇಂಗ್ಲಿಷ್‌ನಿಂದಲೇ ಅಲ್ವಾ? ಇಟಾಲಿಯನ್ ಹಾಡನ್ನು ಅಲ್ಲಿ ಯಾರು ಕೇಳುತ್ತಾರೆ.

ಹಳೇ ಟೇಪು
ಇಲ್ಲ, ಇಲ್ಲೇ ದೊಡ್ಡ ಆಶ್ಚರ್ಯ ಇರೋದು. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ ಶುರುವಾಗಿದ್ದು 1958ರ ಆಗಸ್ಟ್ 4ಕ್ಕೆ. ಎರಡೇ ವಾರಕ್ಕೆ ಮೊದುನ್ಯೊ ಹಾಡಿದ್ದು, ಪೂರ್ತಿ ಇಟಾಲಿಯನ್, ಮೊದಲ ಸ್ಥಾನಕ್ಕೆ ಬಂತು. ಮಧ್ಯೆ ಒಮ್ಮೆ ಇಳಿದು, ಮತ್ತೆ ಹತ್ತಿ, ಒಟ್ಟು ಐದು ವಾರ ಅಲ್ಲೇ. ಅದೇ ಹೊತ್ತಿಗೆ ಡೀನ್ ಮಾರ್ಟಿನ್ ಹಾಡಿದ್ದೂ ಪಟ್ಟಿಯಲ್ಲಿತ್ತು, ಹನ್ನೆರಡನೇ ಸ್ಥಾನದವರೆಗೆ ಮಾತ್ರ ಬಂತು. ಅರ್ಥವಾಗುವ ಭಾಷೆಯದ್ದು ಕೆಳಗೆ, ಅರ್ಥವಾಗದ್ದು ಮೇಲೆ! ಇಡೀ ವರ್ಷದ ಲೆಕ್ಕದಲ್ಲೂ ಬಿಲ್‌ಬೋರ್ಡ್ ಇದಕ್ಕೇ ಮೊದಲ ಸ್ಥಾನ ಕೊಟ್ಟಿತು.

ಆಮೇಲೆ ಗ್ರ್ಯಾಮಿ. 1959ರ ಮೇ 4ಕ್ಕೆ ಮೊಟ್ಟಮೊದಲ ಗ್ರ್ಯಾಮಿ ಸಮಾರಂಭ ನಡೆಯಿತು. ವರ್ಷದ ರೆಕಾರ್ಡ್, ವರ್ಷದ ಹಾಡು, ಎರಡೂ ದೊಡ್ಡ ಪ್ರಶಸ್ತಿ ಇದಕ್ಕೇ. ಸಿನಾತ್ರಾ, ಪೆಗ್ಗಿ ಲೀ ಅಂಥವರೆಲ್ಲ ಸ್ಪರ್ಧೆಯಲ್ಲಿದ್ದರು.

ಬಾಬಿ ರೈಡೆಲ್ 1960ರಲ್ಲಿ ಹಾಡಿದ್ದು ಅಮೆರಿಕದಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು. ಎಲ್ಲಾ ಫಿಟ್ಜ್‌ಜೆರಾಲ್ಡ್ ಹಾಡಿದ್ದಾರೆ, ಡೇವಿಡ್ ಬೋವಿ ಕೂಡ ಒಂದು ಸಿನಿಮಾಕ್ಕೆ ಹಾಡಿದ್ದಾರೆ. 1976ರ ಮಾದರಿಗೆ ಪ್ಲಿಮತ್ ಕಂಪನಿ ‘ವೊಲಾರೆ’ ಅಂತ ಕಾರನ್ನೇ ಬಿಟ್ಟಿತು, ಜಾಹೀರಾತಿಗೆ ಇದೇ ರಾಗ. ತುಕ್ಕು ಹಿಡಿಯುವುದಕ್ಕೆ ಹೆಸರಾದ ಕಾರು ಅದು. ಹಾಡಿಗೆ ಮಾತ್ರ ಹಿಡಿಯಲಿಲ್ಲ.

ಸುಮ್ನೆ ಓದೋಳು
ಮೊದುನ್ಯೊ ಆಮೇಲೆ ಏನಾದರು? ಒಂದೇ ಹಾಡಿನ ಮನುಷ್ಯನಾ?

ಬಾರಿ ಬಸ್ಸು
ಒಂದೇ ಹಾಡಿನವರು ಅಂದರೆ ಇಲ್ಲಿ ಜಗಳಕ್ಕೆ ಬರುತ್ತಾರೆ, ಹುಷಾರು. ಮರುವರ್ಷವೇ ಮತ್ತೆ ಸಾನ್‌ರೆಮೊ ಗೆದ್ದರು, ಆಮೇಲೆ 1962, 1966. ಒಟ್ಟು ನಾಲ್ಕು ಸಲ. 1966ರಲ್ಲಿ ಯೂರೊವಿಷನ್‌ಗೆ ಹೋಗಿ ಸೊನ್ನೆ ಅಂಕ ತಗೊಂಡು ಬಂದರು, ಅದೂ ಒಂದು ದಾಖಲೆ ಅನ್ನಿ.

ಅವರ ಊರು ಪೊಲಿನ್ಯಾನೊ ಆ ಮಾರೆ. ಇಲ್ಲಿಂದ ರೈಲಲ್ಲಿ ಮುಕ್ಕಾಲು ಗಂಟೆಯೊಳಗೆ. ಸುಣ್ಣದ ಕಲ್ಲಿನ ಬಂಡೆ, ಬಂಡೆಯ ತುದಿಯಲ್ಲಿ ಬಿಳಿ ಮನೆಗಳು, ಕೆಳಗೆ ಸಮುದ್ರ. ನೀಲಿ ಅಂದರೆ ಏನು ಅಂತ ಅಲ್ಲಿ ನಿಂತರೆ ಗೊತ್ತಾಗುತ್ತದೆ. ಅವರು 1928ರಲ್ಲಿ ಹುಟ್ಟಿದ್ದು ಅಲ್ಲಿ, ಬೆಳೆದದ್ದು ಇನ್ನೂ ದಕ್ಷಿಣದ ಸಾನ್ ಪಿಯೆತ್ರೊ ವೆರ್ನೊತಿಕೊದಲ್ಲಿ. ಅಲ್ಲಿಯ ಆಡುಮಾತು ಸಿಸಿಲಿ ದ್ವೀಪದ ಮಾತಿಗೆ ಹತ್ತಿರ. ಶುರುವಲ್ಲಿ ಅವರು ಹಾಡುತ್ತಿದ್ದದ್ದು ಆ ಆಡುಮಾತಲ್ಲೇ. ಕತ್ತಿಮೀನಿನ ಬಗ್ಗೆ ಒಂದು ಹಾಡಿದೆ, ಹೆಣ್ಣು ಮೀನು ಬಲೆಗೆ ಬಿದ್ದರೆ ಗಂಡು ಮೀನು ತಾನೂ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಕೇಳಿ, ಕಣ್ಣು ತುಂಬುತ್ತದೆ. ಹಾಗೆ ಹಾಡಿದ್ದರಿಂದ ಎಲ್ಲರೂ ಅವರನ್ನು ಸಿಸಿಲಿಯವನು ಅಂದುಕೊಂಡರು, ಅವರೂ ಬಹಳ ಕಾಲ ಅಲ್ಲ ಅನ್ನಲಿಲ್ಲ. ನಮ್ಮ ಕುಂದಾಪುರದ ಹುಡುಗನೊಬ್ಬ ದೊಡ್ಡ ಹೆಸರು ಮಾಡಿ ನಾನು ಧಾರವಾಡದವನು ಅಂತ ಓಡಾಡಿದರೆ ಊರಿನವರಿಗೆ ಹೇಗಾಗಬೇಡ! ಪೊಲಿನ್ಯಾನೊದವರಿಗೂ ಹಾಗೇ ಆಗಿತ್ತು.

1984ರಲ್ಲಿ ಪಾರ್ಶ್ವವಾಯು ಹೊಡೆಯಿತು. ಆಮೇಲೆ 1987ರಲ್ಲಿ ರ್‍ಯಾಡಿಕಲ್ ಪಕ್ಷದಿಂದ ಸಂಸತ್ತಿಗೆ ಹೋದರು. ಅಂಗವಿಕಲರ ಹಕ್ಕು, ಸಿಸಿಲಿಯ ಅಗ್ರಿಜೆಂತೊ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳು ಇದ್ದ ಭೀಕರ ಸ್ಥಿತಿ, ಇವುಗಳ ಬಗ್ಗೆ ಗಲಾಟೆ ಎಬ್ಬಿಸಿದರು. 1993ರ ಆಗಸ್ಟ್‌ನಲ್ಲಿ ಪೊಲಿನ್ಯಾನೊಗೆ ಬಂದು ಹಾಡಿದರು, ಊರಿನ ಜೊತೆ ರಾಜಿ ಆದ ಹಾಗೆ. ಮರುವರ್ಷ ಆಗಸ್ಟ್ 6ಕ್ಕೆ ಲಾಂಪೆದುಸಾ ದ್ವೀಪದ ತಮ್ಮ ಮನೆಯಲ್ಲಿ ತೀರಿಕೊಂಡರು. ನಮ್ಮ ಕೆಳಮನೆಯ ಅಜ್ಜಿ ಆ ಕೊನೆಯ ಕಾರ್ಯಕ್ರಮಕ್ಕೆ ಹೋಗಿದ್ದರಂತೆ. ಏನು ಹಾಡಿದರು ಅಂತ ಕೇಳಿದರೆ ಅಜ್ಜಿ "ನಾವು ಹಾಡಿದೆವು, ಅವರು ಕೇಳಿದರು" ಅಂದರು. ಅಜ್ಜಿ ಸ್ವಲ್ಪ ಉಪ್ಪುಖಾರ ಹಚ್ಚುವವರು, ಆದರೂ ಬರೆದೆ.

2009ರಿಂದ ಅಲ್ಲಿ ಅವರ ಕಂಚಿನ ಪ್ರತಿಮೆ ಇದೆ. ಎರಡೂ ಕೈ ಚಾಚಿ, ಸಮುದ್ರಕ್ಕೆ ಬೆನ್ನು ಹಾಕಿ, ಊರಿನ ಕಡೆ ಮುಖ ಮಾಡಿ ನಿಂತಿದೆ. ಬರುವ ಪ್ರವಾಸಿಗರೆಲ್ಲ ಮುಂದೆ ನಿಂತು ಕೈ ಚಾಚಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ, ಗಾಳಿಗೆ ಟೋಪಿ ಹಾರಿ ಸಮುದ್ರಕ್ಕೆ ಬಿತ್ತು.

ಚುಕ್ಕಿ ಗೆರೆ
ಮಿಲ್ಯಾಚ್ಚಿ 2023ರಲ್ಲಿ ತೀರಿಕೊಂಡರು, 93 ವರ್ಷ. ಅವರ ಹೆಸರು ಇಟಲಿ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಬರೆದವರ ಹಣೆಬರಹ ಎಲ್ಲ ಕಡೆ ಒಂದೇ. ಇಟಲಿಯ ಗಾಯಕಿ ಮೀನಾ ಹಾಡಿದ ಬೆಳದಿಂಗಳ ಹಾಡು ‘ತಿಂತಾರೆಲ್ಲಾ ದಿ ಲೂನಾ’ ಕೂಡ ಅವರದ್ದೇ ಸಾಹಿತ್ಯ. ಬಿಸಿಲಿಗೆ ಕಪ್ಪಾಗುವ ಬದಲು ಹುಡುಗಿಯೊಬ್ಬಳು ರಾತ್ರಿಯೆಲ್ಲ ಮಾಳಿಗೆ ಮೇಲೆ ಮಲಗಿ ಬೆಳದಿಂಗಳಿಗೆ ಬೆಳ್ಳಗಾಗುತ್ತಾಳೆ. ಮತ್ತೆ ಚಂದ್ರ, ಮತ್ತೆ ಬಣ್ಣ!

ತಾಳ ತಪ್ಪಿದವ
ಕಾಲದ ಮಾತೂ ಇದೆ. 1957ರ ಜುಲೈಗೆ ಫಿಯಟ್ 500 ಕಾರು ಬಂತು, ಅಕ್ಟೋಬರ್‌ಗೆ ಸ್ಪುಟ್ನಿಕ್ ಉಪಗ್ರಹ ಹಾರಿತು. ಟಿವಿ ಬಂದು ನಾಲ್ಕು ವರ್ಷ. ಯುದ್ಧದ ಬೂದಿಯಿಂದ ಎದ್ದ ದೇಶಕ್ಕೆ ಮೊದಲ ಸಲ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿತ್ತು. ಅಂಥ ಹೊತ್ತಲ್ಲಿ ಒಬ್ಬ ‘ಹಾರುವುದು’ ಅಂದ. ಇಟಲಿಯ ಆ ಏಳಿಗೆಯ ವರ್ಷಗಳಿಗೆ ಇದನ್ನೇ ಗುರುತಿನ ಹಾಡು ಅನ್ನುತ್ತಾರೆ.

ಸುಮ್ನೆ ಓದೋಳು
ಅದು ಅಂದು ಹಿಟ್ ಆಗಿದ್ದಕ್ಕೆ ಕಾರಣ ಆಯ್ತು. ಬಸ್ಸು ಅವರ ಹದಿನಾರರ ಹುಡುಗಿ ಯಾಕೆ ಕೂಗಿದಳು ಅನ್ನುವುದಕ್ಕಲ್ಲ. ಅವಳಿಗೆ ಸ್ಪುಟ್ನಿಕ್ ಕಟ್ಟಿಕೊಂಡು ಏನಾಗಬೇಕು?

ತಾಳ ತಪ್ಪಿದವ
ಒಪ್ಪಿದೆ ಮಾರಾಯ್ತಿ.

ಸುಮ್ನೆ ಓದೋಳು
ಅಂದಹಾಗೆ ಮೂಲ ಹಾಡನ್ನು ಈಗ ಇಲ್ಲಿಯ ಕಾಮೆಂಟ್ ಓದುತ್ತಾ ಮೂರು ಸಲ ಕೇಳಿದೆ. ನಿಧಾನ ಅಂದಿದ್ದೆನಲ್ಲ, ವಾಪಸ್ ತಗೊಂಡೆ. ಕೊನೆಯಲ್ಲಿ ಕ್ವಾಜ್ಜು ಬರುವಾಗ ಅವನ ದನಿ ಸಣ್ಣಗಾಗುತ್ತದೆ, ಕಿವಿಯಲ್ಲಿ ಹೇಳಿದ ಹಾಗೆ. ಜಿಪ್ಸಿ ಕಿಂಗ್ಸ್‌ದು ಕುಣಿಯೋಕೆ ಇರಲಿ.

ಮಿರ್ಚಿ ಮಂಡಕ್ಕಿ
ಬಸ್ಸಣ್ಣಾ, ಒಂದು ಉಪಕಾರ. ಮುಂದಿನ ತಿಂಗಳು ನಮ್ಮ ಆಫೀಸಿನ ಕಾರ್ಯಕ್ರಮದಲ್ಲಿ ಹಾಡುವವರ ಪಟ್ಟಿಗೆ ಯಾರೋ ನನ್ನ ಹೆಸರು ಸೇರಿಸಿದ್ದಾರೆ. ಚರಣವನ್ನು ಕನ್ನಡ ಅಕ್ಷರದಲ್ಲಿ ಬರೆದು ನನಗೆ ಕಳಿಸ್ತೀರಾ? ಓ ಓ ನಾನು ನೋಡ್ಕೋತೀನಿ.

ಬಾರಿ ಬಸ್ಸು
ಭಾನುವಾರ ಅಜ್ಜಿ ಹತ್ತಿರ ಕೂತು ಉಚ್ಚಾರಣೆ ಸರಿ ಮಾಡಿಸಿ ಕಳಿಸುತ್ತೇನೆ. ಅಜ್ಜಿ ತಪ್ಪು ಹಾಡಿದರೆ ಬೈಯುತ್ತಾರೆ, ಮೊದಲೇ ಹೇಳಿದ್ದೇನೆ.

ತಾಳ ತಪ್ಪಿದವ
ಮಂಡಕ್ಕಿ, ಶುರುವಿನ ಉಗಾಭೋಗ ಬಿಡಬೇಡ!